ತೆರೆದಿಟ್ಟ ಇನ್ನೊಂದು ಕಣ್ಣು

ಮರದ ಪೆಟ್ಟಿಗೆಯ ಬಾಗಿಲು ತೆಗೆದ ಸದಾಶಿವಪ್ಪನಿಗೆ ಮೊದಲು ಕಂಡದ್ದು ಮೈಕ್ರೋಸ್ಕೋಪಲ್ಲ. ಅದರ ಕತ್ತಿಗೆ ಹಳದಿ ರೇಷ್ಮೆ ಎಳೆಯಲ್ಲಿ ಕಟ್ಟಿ ತೂಗಿಬಿಟ್ಟಿದ್ದ ಒಂದು ಚೀಟಿ.

‘ಎಣ್ಣೆ ಹಾಕಿದವರೇ ಎಣ್ಣೆ ಒರೆಸತಕ್ಕದ್ದು. – ಶಿ.ರ.’

ಬರವಣಿಗೆ ದುಂಡಗಿತ್ತು, ಮಾತು ಮಾತ್ರ ಚೂಪಾಗಿತ್ತು.

ಅದು ಅರವತ್ತನಾಲ್ಕನೆಯ ಇಸವಿ. ಯಳಂದೂರಿನ ಮಲೇರಿಯಾ ಘಟಕದ ಮೈಕ್ರೋಸ್ಕೋಪು ರಿಪೇರಿಗೆಂದು ಮೈಸೂರಿಗೆ ಹೋಗಿ ಅಲ್ಲೇ ಕೂತಿತ್ತು. ಹನೂರಿನ ಆಚೆಯ ಕಾಡಂಚಿನ ಊರುಗಳಲ್ಲಿ ಜ್ವರ ಬಂದವರ ಬೆರಳು ಚುಚ್ಚಿ ತೆಗೆದ ರಕ್ತದ ಸ್ಲೈಡುಗಳು ಮಾತ್ರ ದಿನವೂ ಬಂದು ಬೀಳುತ್ತಿದ್ದವು. ಅವನ್ನು ನೋಡಿ ಮಲೇರಿಯಾ ಇದೆಯೋ ಇಲ್ಲವೋ ಬರೆಯುವುದು ಸದಾಶಿವಪ್ಪನ ಕೆಲಸ. ಕಡೆಗೆ ರೇಷ್ಮೆಹುಳದ ಮೊಟ್ಟೆ ಮಾಡಿ ಹಂಚುವ ಕೊಳ್ಳೇಗಾಲದ ಒಂದು ಬಿತ್ತನೆ ಕೋಠಿಯವರು ತಮ್ಮಲ್ಲಿದ್ದ ಒಂದೇ ಮೈಕ್ರೋಸ್ಕೋಪನ್ನು ಹಂಚಿಕೊಳ್ಳಲು ಒಪ್ಪಿದರು. ಮಧ್ಯಾಹ್ನ ಎರಡರ ತನಕ ಕೋಠಿಯದು. ಎರಡರಿಂದ ಐದರ ತನಕ ಮಲೇರಿಯಾದವರದು.

ಮಲೇರಿಯಾ ಕಾಣಬೇಕಾದರೆ ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು, ದೊಡ್ಡ ಲೆನ್ಸನ್ನು ಅದರಲ್ಲಿ ಅದ್ದಬೇಕು. ಹಿಂದಿನ ದಿನ ಬಸ್ಸಿನ ಅವಸರದಲ್ಲಿ ಅವನು ಆ ಲೆನ್ಸ್ ಒರೆಸಿರಲಿಲ್ಲ. ನಾಚಿಕೆಯಾಯಿತು. ಯಾರು ಯಾವಾಗ ಬಳಸಿದರು ಎಂದು ಬರೆಯುವ ರಿಜಿಸ್ಟರಿನ ಕೊನೆಯಲ್ಲಿ ‘ಷರಾ’ ಎಂಬ ಕಾಲಮ್ಮಿತ್ತು. ಅಲ್ಲಿ ಬರೆದ: ‘ಮಾನ್ಯ ಶಿ.ರ. ಅವರೇ, ತಪ್ಪಾಯಿತು. ತಮ್ಮ ವಯಸ್ಸಿಗೂ ಅನುಭವಕ್ಕೂ ತಲೆಬಾಗುವ, ಸದಾಶಿವಪ್ಪ.’

ಅವನ ಮನಸ್ಸಿನಲ್ಲಿ ಶಿ.ರ. ಎಂದರೆ ನಶ್ಯ ಏರಿಸುವ, ಕಚ್ಚೆಪಂಚೆಯ, ಪಿಂಚಣಿಗೆ ಎರಡು ವರ್ಷ ಬಾಕಿಯಿರುವ ಮುದುಕರು.

ಮರುದಿನ ಉತ್ತರ ಕಾದಿತ್ತು: ‘ವಯಸ್ಸಿನ ವಿಚಾರ ಷರಾದಲ್ಲಿ ಬರೆಯತಕ್ಕದ್ದಲ್ಲ.’

ಸದಾಶಿವಪ್ಪ ಒಬ್ಬನೇ ನಕ್ಕ. ಅಲ್ಲಿಂದ ಮುಂದೆ ಷರಾ ಕಾಲಮ್ಮು ಖಾಲಿ ಉಳಿಯಲಿಲ್ಲ. ‘ಚಿಟ್ಟೆ ಅರೆಯುವ ಪೊಟ್ಯಾಷ್ ನೀರು ಚೆಲ್ಲಿದೆ, ಹಿತ್ತಾಳೆ ತಿನ್ನುತ್ತದೆ’ ಎಂದು ಇವನು. ‘ಒರೆಸಿದೆ. ಹಿತ್ತಾಳೆಯ ಕಾಳಜಿ ಇರುವವರು ಕುರ್ಚಿಯನ್ನೂ ಒಳಗೆ ತಳ್ಳಿ ಹೋಗತಕ್ಕದ್ದು’ ಎಂದು ಅತ್ತಲಿಂದ. ಮುದುಕರು ಗಟ್ಟಿಗರು ಎಂದುಕೊಂಡ. ಬಸ್ಸಿನಲ್ಲಿ ಕೂತಾಗಲೇ ಇವತ್ತಿನ ಷರಾ ಏನಿರಬಹುದು ಎಂದು ಮನಸ್ಸು ಮುಂದೋಡುತ್ತಿತ್ತು.

ಕಾರ್ತಿಕದಲ್ಲಿ ಬಿತ್ತನೆ ಗೂಡಿನಿಂದ ಚಿಟ್ಟೆಗಳು ಒಟ್ಟಿಗೆ ಎದ್ದವು. ಆವತ್ತು ಎರಡು ಗಂಟೆಗೆ ಸದಾಶಿವಪ್ಪ ಒಳಗೆ ಬಂದರೆ ಕುರ್ಚಿ ಖಾಲಿಯಿರಲಿಲ್ಲ. ಹಸಿರು ಸೀರೆಯ ಒಬ್ಬ ಹುಡುಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಬಲಗಣ್ಣನ್ನು ಮೈಕ್ರೋಸ್ಕೋಪಿನ ಕೊಳವೆಗಿಟ್ಟು, ಸಣ್ಣದಾಗಿ ಏನನ್ನೋ ಗುನುಗುತ್ತಿದ್ದಳು.

“ಶಿ.ರ. ಅವರು ಇಲ್ವಾ?” ಎಂದು ಬಾಗಿಲಲ್ಲಿದ್ದ ಅಟೆಂಡರ್ ಮಹದೇವುವನ್ನು ಕೇಳಿದ.

ಮಹದೇವುಗೆ ನಗು ತಡೆಯಲಾಗಲಿಲ್ಲ. “ಇವ್ರೇ ಕಣಿ ಸಾ. ಧನಗೆರೆ ಶಿವರತ್ನಮ್ಮೋರು. ತಲೆಬಾಗ್ತೀನಿ ಅಂತ ಬರ್ದಿದ್ರಲ್ಲ, ಬಾಗಿ ಮತ್ತೆ.”

ಹುಡುಗಿ ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. ಗುನುಗಿನ ಕೊನೆಯ ಸಾಲು ಮುಗಿಸಿಯೇ ತಲೆ ಎತ್ತಿದಳು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

“ಕುರ್ಚಿ ಒಳಕ್ಕೆ ತಳ್ಳದೆ ಓಗೋರು ನೀವೇನಾ?”

ಸದಾಶಿವಪ್ಪ ಅಭ್ಯಾಸವಿಲ್ಲದ ಕೆಲಸಕ್ಕೆ ಕೈ ಹಾಕಿದವನಂತೆ ಎದುರಿನ ಖಾಲಿ ಕುರ್ಚಿಯೊಂದನ್ನು ಮೇಜಿನ ಒಳಕ್ಕೆ ತಳ್ಳಿದ. ಆಗ ಅವಳು ನಿಜವಾಗಿ ನಕ್ಕಳು.

ಕೋಠಿಯ ಇನ್ಸ್‌ಪೆಕ್ಟರ್ ಗೋವಿಂದಯ್ಯನವರು ಬಂದು, ಚಿಟ್ಟೆ ಮುಗಿಯುವ ತನಕ ಇಬ್ಬರೂ ಅರ್ಧರ್ಧ ಗಂಟೆ ಸರದಿಯಲ್ಲಿ ನೋಡಿಕೊಳ್ಳಿ ಎಂದರು. ಹೋಗುವಾಗ ಗೋಡೆಗೆ ತಾವೇ ಅಂಟಿಸಿದ್ದ ನಿಯಮಗಳ ಕಡೆ ಬೆರಳು ತೋರಿದರು. ಬೆಳಕು ಹಾಯಿಸುವ ಬುಡದ ಕನ್ನಡಿಗೆ ನೇರ ಬಿಸಿಲು ಹಿಡಿಯಬಾರದು, ಕಣ್ಣು ಹೋಗುತ್ತದೆ. ಕೊಳವೆ ಇಳಿಸುವಾಗ ಪಕ್ಕದಿಂದ ನೋಡಬೇಕು. ಒಳಗೆ ನೋಡುತ್ತಾ ಇಳಿಸಿದರೆ ಲೆನ್ಸು ಗಾಜಿಗೆ ತಾಗಿ ಎರಡೂ ಒಡೆಯುತ್ತವೆ.

ಹಾಗೆ ಅವರು ಎದುರುಬದುರಾದರು. ಇವನು ನೋಡುವ ಅರ್ಧ ಗಂಟೆ ಮೊಟ್ಟೆಯಿಟ್ಟ ತಾಯಿಚಿಟ್ಟೆಗಳನ್ನು ಅವಳು ಒಂದೊಂದಾಗಿ ಪುಟ್ಟ ಪಿಂಗಾಣಿ ಒರಳಲ್ಲಿ ಅರೆಯುತ್ತಿದ್ದಳು. ಅರೆದದ್ದರಲ್ಲಿ ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಯೆಲ್ಲ ಬೆಂಕಿಗೆ. ಇಲ್ಲದಿದ್ದರೆ ಹುಳ ಸಾಕುವವರ ಮನೆಗೆ. ಪ್ರತಿ ಚಿಟ್ಟೆಗೂ ಮೊದಲು ತುಟಿಯಲ್ಲೇ ‘ಶಿವಾ’ ಎಂದು, ಆಮೇಲೆ ಒರಳು ಹಿಡಿಯುತ್ತಿದ್ದಳು.

ಆ ಗುನುಗಿನ ಗುಟ್ಟು ಮೂರನೆಯ ದಿನ ತಿಳಿಯಿತು. ಅದು ಷಟ್ಪದಿಯ ಧಾಟಿ. ಅಜ್ಜಿ ಬಾಯಿಪಾಠ ಮಾಡಿಸಿದ್ದ ಪದ್ಯ. ಒಂದು ಸಾಲಿಗೆ ಒಂದು ಸಲ ಗಾಜು ಸರಿಸುತ್ತಿದ್ದಳು: ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು, ಮತ್ತೆ ಎರಡು ಗಿಡ್ಡ, ಒಂದು ಉದ್ದ. ಆರನೆಯ ಸಾಲು ಮುಗಿದರೆ ಒಂದು ಚಿಟ್ಟೆ ಮುಗಿಯಿತು. ಲೆಕ್ಕ ತಪ್ಪುವ ಮಾತೇ ಇಲ್ಲ. ಹಾಡು ನಡುವೆ ನಿಂತರೆ ಕಣ ಸಿಕ್ಕಿದೆ ಎಂದೇ ಅರ್ಥ. ಮಹದೇವು ಬೆಂಕಿಪೊಟ್ಟಣ ಹುಡುಕಲು ಏಳುತ್ತಿದ್ದ.

ಸದಾಶಿವಪ್ಪನೂ ತಾತನ ಪಾರಾಯಣ ಕೇಳುತ್ತಲೇ ಬೆಳೆದವನು. ಪದ್ಯಕ್ಕೆ ಇಂಥದೊಂದು ಕೆಲಸವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎಷ್ಟು ಚೆನ್ನಾಗಿ ನೋಡುತ್ತಾಳೆ ಇವಳು ಎಂದು ಬೆರಗಾದ. ಕೊಬ್ಬಿನ ಹನಿ ಯಾವುದು, ರೋಗದ ಕಣ ಯಾವುದು ಎಂದು ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಹಗುರವಾಗಿ ಬೇರ್ಪಡಿಸುತ್ತಿದ್ದಳು. ಆದರೆ ಸಂಜೆಯ ಹೊತ್ತಿಗೆ ಹಣೆ ಒತ್ತಿಕೊಳ್ಳುತ್ತಿದ್ದಳು.

“ತಲೆನೋವಾ?” ಎಂದ.

“ದಿನಾ ಬರ್ತದೆ. ಬಿಡಿ.”

“ಒಂದು ಕಣ್ಣು ಮುಚ್ಕೊಂಡು ನೋಡ್ತೀರಲ್ಲ, ಅದಕ್ಕೇ. ಎರಡೂ ತೆರೆದೇ ಇರಬೇಕು. ಒಂದು ಕೊಳವೆಲಿ. ಇನ್ನೊಂದು ಸುಮ್ಮನೆ ಆಚೆ.”

“ಅದು ಮೇಜು, ಗೋಡೆ, ಎದುರುಗಡೆ ಇರೋರು, ಎಲ್ಲಾನೂ ನೋಡ್ತದಲ್ರೀ.”

“ಮೊದಮೊದಲು ನೋಡ್ತದೆ. ಆಮೇಲೆ ತೆರೆದಿದ್ದೂ ನೋಡದೆ ಇರೋದನ್ನ ಕಲೀತದೆ. ನಂಗೆ ಒಂದು ತಿಂಗಳು ಹಿಡೀತು.”

“ಒಳ್ಳೇ ಕಣ್ಣು ಬಿಡಿ ನಿಮ್ಮದು,” ಎಂದಳು. ಹೊಗಳಿದಳೋ ಕೆಣಕಿದಳೋ ತಿಳಿಯಲಿಲ್ಲ.

ಅವಳು ಹತ್ತೇ ದಿನದಲ್ಲಿ ಕಲಿತಳು. ಅವನು ಅಷ್ಟೇ ದಿನದಲ್ಲಿ ಮರೆತ. ನಾಲ್ಕು ವರ್ಷ ಶಿಸ್ತಾಗಿ ಏನನ್ನೂ ನೋಡದೆ ತೆರೆದಿದ್ದ ಅವನ ಬಲಗಣ್ಣು ಈಗ ಒಂದು ಹಸಿರು ಸೆರಗನ್ನು ನೋಡುತ್ತಿತ್ತು. ಒರಳಿನ ಮೇಲೆ ತಿರುಗುವ ಬೆರಳುಗಳನ್ನು, ಕೈ ತೇವವೆಂದು ಮುಂಗೈಯಿಂದಲೇ ಹಿಂದಕ್ಕೆ ಸರಿಸಿಕೊಳ್ಳುವ ಮುಂಗುರುಳನ್ನು ನೋಡುತ್ತಿತ್ತು. ಅವನೇ ಅದನ್ನು ಗದರಿಸಿ ಗದರಿಸಿ ಹಿಂದಕ್ಕೆ ಕರೆಯಬೇಕಾಗುತ್ತಿತ್ತು.

ಒಂದು ಶುಕ್ರವಾರ ಗೋವಿಂದಯ್ಯನವರು ಬಂದು, “ಸದಾಶಿವಪ್ಪ, ಸೋಮವಾರ ನಿಮ್ಮ ಮೈಕ್ರೋಸ್ಕೋಪು ಮೈಸೂರಿನಿಂದ ಬರುತ್ತಂತೆ. ನಾಳೆ ಒಂದಿನ ಅಷ್ಟೇ ನಮ್ಮ ಋಣ” ಎಂದು ಹೇಳಿ ಹೋದರು. ಎದುರಿನ ಒರಳು ಒಂದು ಸುತ್ತು ತಡವಾಗಿ ತಿರುಗಿತು. ಅವನು ಸ್ಲೈಡಿನ ಮೇಲೆ ಸ್ಲೈಡು ನೋಡಿದ. ನಾಲ್ಕೂಮುಕ್ಕಾಲಿಗೆ ಎಲ್ಲ ಮುಗಿಸಿ, ಎಣ್ಣೆ ಒರೆಸಿ, ಕುರ್ಚಿ ಒಳಗೆ ತಳ್ಳಿ ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಡಿಲಲ್ಲಿ ಸ್ಲೈಡಿನ ಪೆಟ್ಟಿಗೆ. ವಾಡಿಕೆಯಂತೆ ಪಟ್ಟಿಯನ್ನು ಬಿಡಿಸಿ ಒಮ್ಮೆ ಓದಿದ. ನಲವತ್ತೊಂದನೆಯ ನಂಬರು: ರಂಗಮ್ಮ, ಇಪ್ಪತ್ತೆರಡು ವರ್ಷ. ಊರೂರು ತಿರುಗಿ ಸ್ಲೈಡ್ ತರುವ ಮುತ್ತಯ್ಯ ಪಕ್ಕದಲ್ಲೇ ಬರೆದಿದ್ದ: ‘ಬಸುರಿ, ಎಂಟು ತಿಂಗಳು. ಬಿಟ್ಟು ಬಿಟ್ಟು ಚಳಿಜ್ವರ.’ ಅದರ ಮುಂದೆ ತನ್ನದೇ ಕೈಬರಹ: ‘ಇಲ್ಲ.’

ಆ ‘ಇಲ್ಲ’ ಬರೆದದ್ದು ನೆನಪಿತ್ತು. ನೋಡಿದ್ದು ನೆನಪಿರಲಿಲ್ಲ.

ಕಣ್ಣು ಮುಚ್ಚಿ ನೆನೆಸಿಕೊಂಡ. ನಲವತ್ತೊಂದು ಕೊಳವೆಯ ಕೆಳಗಿತ್ತು. ಎದುರಿನ ಗುನುಗು ಮೂರನೆಯ ಸಾಲಿನಲ್ಲಿ ನಿಂತುಹೋಯಿತು. ಅವಳ ಮುಂದೆ ಮೈಕ್ರೋಸ್ಕೋಪಿರಲಿಲ್ಲ, ಒರಳಿತ್ತು, ಕಣ ಸಿಕ್ಕಿತೆನ್ನುವಂತಿರಲಿಲ್ಲ. ಮತ್ಯಾಕೆ ನಿಂತಿತು ಎಂದು ಅವನ ಬಲಗಣ್ಣು ಕಾಯುತ್ತಾ ಕೂತಿತು. ಕೈ ತನ್ನ ಪಾಡಿಗೆ ಸ್ಲೈಡನ್ನು ಸರಿಸುತ್ತಾ ಹೋಯಿತು, ಒಂದು ಸ್ಲೈಡಿನಲ್ಲಿ ನೋಡಲೇಬೇಕಾದ ನೂರು ಜಾಗವೂ ಮುಗಿಯಿತು.

ಹತ್ತು ಸ್ಲೈಡಿನಲ್ಲಿ ಒಂದನ್ನು ಮೈಸೂರಿನವರು ಮತ್ತೆ ನೋಡುತ್ತಾರೆ. ಉಳಿದ ಒಂಬತ್ತಕ್ಕೆ ಇವನ ಕಣ್ಣೇ ಕೊನೆ. ಇಲ್ಲವೆಂದು ಬರೆದರೆ ಇಲ್ಲ. ಮಾತ್ರೆ ಆ ಮನೆಯ ಕಡೆ ಹೋಗುವುದಿಲ್ಲ.

ಡ್ರೈವರು ಬಸ್ಸನ್ನು ಚಾಲೂ ಮಾಡಿದ್ದ. ಸದಾಶಿವಪ್ಪ ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿದ.

ಕೋಠಿಯ ಬಾಗಿಲಲ್ಲಿ ಮಹದೇವು ತಟ್ಟೆ ತೊಳೆಯುತ್ತಿದ್ದ. ಶಿವರತ್ನಮ್ಮ ಪೆಟ್ಟಿಗೆಗೆ ಬೀಗ ಹಾಕುವುದರಲ್ಲಿದ್ದಳು.

“ಏನ್ರೀ, ಬಸ್ಸು ಓಯ್ತಾ?”

“ಇಲ್ಲ. ನಾನೇ ಬಿಟ್ಟೆ. ಒಂದು ಸ್ಲೈಡು ಮತ್ತೆ ನೋಡಬೇಕು.”

“ಅನುಮಾನ ಇದ್ರೆ ಆಗಲೇ ನೋಡ್ಬೇಕಾಗಿತ್ತು.”

“ಅನುಮಾನ ಅಲ್ಲ. ಅದನ್ನ ನಾನು ನೋಡೇ ಇಲ್ಲ.”

ಅವಳ ಕೈಯಲ್ಲಿ ಬೀಗ ಹಾಗೇ ನಿಂತಿತು. “ಎದುರಿಗೇ ಕೂತಿದ್ನಲ್ಲ ನಾನು. ಕಣ್ಣು ಕೊಳವೆಲೇ ಇತ್ತು.”

“ಒಂದು ಕಣ್ಣು ಇತ್ತು.”

ಬಾಗಿಲಾಚೆ ತಟ್ಟೆಗಳ ಸದ್ದೂ ನಿಂತಿತು. ಸದಾಶಿವಪ್ಪ ಇಷ್ಟು ದೂರ ಬಂದ ಮೇಲೆ ಇನ್ನೇನು ಎಂದು ಹೇಳಿದ: “ನೀವು ಮೂರನೇ ಸಾಲಲ್ಲಿ ಹಾಡು ನಿಲ್ಲಿಸಿದ್ರಿ. ಇನ್ನೊಂದು ಕಣ್ಣು ಅಲ್ಲೇ ನಿಂತ್ಕತು. ಎರಡು ವಾರದಿಂದ ಅದು ನನ್ನ ಮಾತು ಕೇಳ್ತಿಲ್ಲ. ನೀವು ಬೈದರೂ ಸರಿ, ಗೋವಿಂದಯ್ಯನೋರಿಗೆ ಹೇಳಿದರೂ ಸರಿ. ಆದರೆ ಆ ಬಸುರಿ ಹೆಂಗಸಿನ ಸ್ಲೈಡು ಮಾತ್ರ ಇವತ್ತೇ ನೋಡಬೇಕು.”

ಅವಳು ಅವನನ್ನು ನೋಡಿದಳು. ಓರೆಗಣ್ಣಿನಿಂದಲ್ಲ, ನೇರವಾಗಿ, ಅನುಮಾನದ ಕಣವೊಂದನ್ನು ನೋಡುವಷ್ಟು ಹೊತ್ತು. ಆಮೇಲೆ ಮೈಕ್ರೋಸ್ಕೋಪನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟಳು.

ಪಡುವಣ ಕಿಟಕಿಯಲ್ಲಿ ಸೂರ್ಯ ನೇರ ಮುಖಕ್ಕೇ ಬಂದಿದ್ದ. ಕನ್ನಡಿಯನ್ನು ಅತ್ತ ತಿರುಗಿಸಿದರೆ ಕಣ್ಣಿಗೆ ಅಪಾಯ, ಇತ್ತ ತಿರುಗಿಸಿದರೆ ಕತ್ತಲೆ. ಅವನು ತಡವರಿಸುತ್ತಿದ್ದಂತೆ ಶಿವರತ್ನಮ್ಮ ಚಿಟ್ಟೆ ಮೊಟ್ಟೆಯಿಡುವ ಬಿಳಿ ಹಾಳೆಯೊಂದನ್ನು ತೆಗೆದುಕೊಂಡು ಕಿಟಕಿಯ ಪಕ್ಕ ಹೋಗಿ ನಿಂತಳು. ಬಿಸಿಲು ಹಾಳೆಗೆ ಬಿತ್ತು. ಹಾಳೆಯಿಂದ ಸೋಸಿದ ಹಾಲಿನಂಥ ಬೆಳಕು ಕನ್ನಡಿಗಿಳಿಯಿತು.

“ಬೆನ್ನು ಮಾಡಿ ನಿಂತ್ಕತೀನಿ,” ಎಂದಳು. “ಮೊದಲು ಅದನ್ನ ನೋಡಿ. ಬಾಕಿ ಆಮೇಲೆ.”

ಒಂದು ತೊಟ್ಟು ಎಣ್ಣೆ. ಪಕ್ಕದಿಂದ ನೋಡುತ್ತಾ ಲೆನ್ಸು ಇಳಿಸಿದ. ಒಳಗೆ ನೋಡುತ್ತಾ ಕೂದಲೆಳೆಯಷ್ಟು ಏರಿಸಿದ. ಒಂದು, ಎರಡು, ಮೂರು. ಎಣಿಕೆ ತಾನಾಗಿ ಷಟ್ಪದಿಯ ಧಾಟಿ ಹಿಡಿಯಿತು. ಅವಳ ಗುನುಗು ಈಗಿರಲಿಲ್ಲ. ಒಳಗೆ ಅವನೇ ಹೇಳಿಕೊಳ್ಳುತ್ತಿದ್ದ. ಬಲಗಣ್ಣು ತೆರೆದೇ ಇತ್ತು, ಏನನ್ನೂ ನೋಡಲಿಲ್ಲ. ಅರವತ್ತಮೂರನೆಯ ಜಾಗದಲ್ಲಿ ಕೈ ನಿಂತಿತು. ಒಂದು ರಕ್ತಕಣದ ಒಳಗೆ ತೆಳ್ಳನೆಯ ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು.

“ನೀವೂ ಒಂದು ಸಲ ನೋಡಿ,” ಎಂದ.

ಹಾಳೆಯನ್ನು ಅವನ ಕೈಗೆ ಕೊಟ್ಟು ಅವಳು ಬಗ್ಗಿದಳು. “ಉಂಗುರ,” ಎಂದಳು ಮೆಲ್ಲಗೆ. “ಇದೇನಾ?”

“ಇದೇ.”

‘ಇಲ್ಲ’ವನ್ನು ಹೊಡೆದು ‘ಇದೆ’ ಎಂದು ಬರೆದು, ಪಕ್ಕದಲ್ಲಿ ರುಜು ಹಾಕಿದ. ಬೆಳಗಿನ ಮೊದಲ ಬಸ್ಸಿಗೆ ಹನೂರಿನತ್ತ ಹೊರಡುವ ಮುತ್ತಯ್ಯನ ಮನೆಗೆ ಮಹದೇವು ಚೀಟಿ ಹಿಡಿದು ಸೈಕಲ್ ಹತ್ತಿದ. ಹತ್ತುವ ಮುಂಚೆ, “ನಿಧಾನಕ್ಕೇ ಬತ್ತೀನಿ ಸಾ” ಎಂದು ಹೇಳುವುದನ್ನು ಮರೆಯಲಿಲ್ಲ.

ಸದಾಶಿವಪ್ಪ ಎಣ್ಣೆ ಒರೆಸಿದ. ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದ.

“ಹಾಡು ಯಾಕೆ ನಿಂತಿತು ಅಂತ ನೀವು ಕೇಳ್ನೇ ಇಲ್ಲ,” ಎಂದಳು ಅವಳು.

“ಸಾಲು ಮರೆತೋಯ್ತೇನೋ ಅಂದ್ಕೊಂಡೆ.”

“ಏಳು ವರ್ಷದ ಹುಡುಗಿ ಆಗಿದ್ದಾಗ್ನಿಂದ ಹೇಳ್ತಿರೋ ಪದ್ಯ. ಅದನ್ನ ಮರೆಯಕ್ಕೆ ಕಾರಣ ಬೇಕಲ್ವಾ?” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಿಮಗಾದ್ರೆ ಒಂದು ಕಣ್ಣು ಕೊಳವೆಲಿತ್ತು. ನನ್ನ ಮುಂದೆ ಕೊಳವೆನೂ ಇರ್ಲಿಲ್ಲ. ಎರಡೂ ಬಿಡುವಾಗೇ ಇದ್ವು.”

ಹೇಳಿದವಳೇ ಮೈಕ್ರೋಸ್ಕೋಪನ್ನು ಪೆಟ್ಟಿಗೆಯೊಳಗಿಟ್ಟು, ಬೀಗ ಹಾಕಿ, ಹಿಂತಿರುಗಿ ನೋಡದೆ ಧನಗೆರೆಯ ದಾರಿ ಹಿಡಿದಳು.

ಮರುದಿನ ಶನಿವಾರ, ಕೊನೆಯ ದಿನ. ಎರಡು ಗಂಟೆಗೆ ಕುರ್ಚಿ ಖಾಲಿಯಿತ್ತು. ಮೊಟ್ಟೆ ಹಾಳೆಗಳನ್ನು ಜೋಡಿಸುವ ಪಕ್ಕದ ಕೋಣೆಯಿಂದ ಗುನುಗು ಕೇಳುತ್ತಿತ್ತು. ಪೆಟ್ಟಿಗೆಯ ಬಾಗಿಲು ತೆಗೆದ. ಹಳದಿ ರೇಷ್ಮೆ ಎಳೆಯಲ್ಲಿ ಒಂದು ಚೀಟಿ ತೂಗುತ್ತಿತ್ತು.

‘ನೋಡಿದವರೇ ಬಂದು ಕೇಳತಕ್ಕದ್ದು. ಧನಗೆರೆ, ಪುಟ್ಟಮಲ್ಲಪ್ಪನವರ ಮನೆ. ಸೋಮವಾರ ಬೇಡ, ಅಪ್ಪನಿಗೆ ಅವತ್ತು ಮೌನವ್ರತ. – ಶಿ.ರ.’

ಮೂರು ಸಲ ಓದಿದ. ಚೀಟಿಯನ್ನು ಎಳೆಯ ಸಮೇತ ಜೇಬಿಗಿಟ್ಟುಕೊಂಡ. ಆಮೇಲೆ ರಿಜಿಸ್ಟರು ತೆರೆದು, ಷರಾ ಕಾಲಮ್ಮಿನಲ್ಲಿ ಒಂದೇ ಪದ ಬರೆದು, ಮಹದೇವುವನ್ನು ಕರೆದ.

“ಇದನ್ನ ಅಮ್ಮೋರಿಗೆ ತೋರಿಸ್ಕೊಂಡು ಬಾ.”

ಮಹದೇವು ಓದಿದ. “ನಾಳೆ ಅಂತ ಬರ್ದಿದ್ದೀರಿ. ನಾಳೆ ಭಾನುವಾರ, ಆಪೀಸು ಇಲ್ಲ ಕಣಿ ಸಾ.”

“ಗೊತ್ತು. ತಕಂಡೋಗು.”

ರಿಜಿಸ್ಟರು ಪಕ್ಕದ ಕೋಣೆಗೆ ಹೋಯಿತು. ಎರಡು ಗಿಡ್ಡ ಸಾಲು ಮುಗಿದಿದ್ದವು. ಉದ್ದನೆಯ ಮೂರನೆಯ ಸಾಲು ಏರುತ್ತಾ ಬಂದು ನಡುವೆಯೇ ನಿಂತಿತು.

ಯಾಕೆ ನಿಂತಿತೆಂದು ಈ ಸಲ ಸದಾಶಿವಪ್ಪ ಕಣ್ಣೆತ್ತಲಿಲ್ಲ. ದಿನದ ಮೊದಲನೆಯ ಸ್ಲೈಡನ್ನು ಕೊಳವೆಯ ಕೆಳಗಿಟ್ಟು, ಎರಡೂ ಕಣ್ಣು ತೆರೆದು, ಎಣಿಸತೊಡಗಿದ.