ಹಬ್ಬದ ಸಾರಿನ ಅಣಬೆ

"ನಾನು ಮುಟ್ಟಿಲ್ಲ ಒಟಿಲಿಯಕ್ಕ, ದೇವರಾಣೆ!"

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಲೂಡ್ಮಿಲಾ ಹೀಗೆ ಅಳುತ್ತ ಒಳಗೆ ನುಗ್ಗಿದಾಗ ನನ್ನ ಕಾಫಿಗೆ ಇನ್ನೂ ಸಕ್ಕರೆ ಬಿದ್ದಿರಲಿಲ್ಲ. ಮೂವತ್ತು ವರ್ಷ ಊರಿನ ಅಂಚೆ ಕಚೇರಿ ನಡೆಸಿ ನಿವೃತ್ತಳಾದ ಒಟಿಲಿಯಾಳ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಊರಲ್ಲಿ ಏನು ಕಳೆದರೂ ಜನ ಅವಳ ಬಳಿಗೇ ಬರುತ್ತಿದ್ದರು, ನನ್ನ ಕಾಫಿ ಆರಿಹೋಗುತ್ತಿತ್ತು.

ಮರುದಿನ ನಮ್ಮೂರ ಚರ್ಚಿನ ಹಬ್ಬ. ಲೂಡ್ಮಿಲಾ ವಾರದ ಹಿಂದೆಯೇ ಅಡುಗೆಯ ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದ್ದಳು. ಹುರಿದ ಬಾತು, ಕೆಂಪು ಕೋಸು, ಆಲೂಗಡ್ಡೆ ಕಡುಬು, ಗಸಗಸೆ ತುಂಬಿದ ಸಿಹಿರೊಟ್ಟಿ. ಅಣಬೆ ಸಾರು ಮಾತ್ರ ಹೊಸ ಸೊಸೆ ರಾದ್ಕಾಳ ಪಾಲಿಗೆ. ಹುಡುಗಿ ಹಿಂದಿನ ಸಂಜೆ ಬುಟ್ಟಿ ತುಂಬ ಅಣಬೆ ತಂದಿದ್ದಳು. ಬೆಳಿಗ್ಗೆ ನೋಡಿದರೆ ಬುಟ್ಟಿ ಖಾಲಿ.

"ಅವಳ ಕೈ ಅಡುಗೆ ಯಾರೂ ಉಣ್ಬಾರ್ದು ಅಂತ ನಾನೇ ಎಸೆದೆ ಅಂತಾಳೆ. ಪೆಟ್ಟಿಗೆ ಕಟ್ಟಿದಾಳೆ. ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೊರಟಿದಾಳೆ!"

ನಾವು ಹೋದೆವು. ಒಟಿಲಿಯಾ ಮೊದಲು ಗೊಬ್ಬರದ ಗುಂಡಿ ಇಣುಕಿದಳು, ಅಲ್ಲಿ ಅಣಬೆಯ ಚೂರೂ ಇರಲಿಲ್ಲ. ಬುಟ್ಟಿಯ ತಳದಲ್ಲಿ ಲಾರ್ಚ್ ಮರದ ಹಳದಿ ಸೂಜಿಯೆಲೆಗಳು ಅಂಟಿದ್ದವು. "ಕೋಸಿಗೆ ವಿನೆಗರೂ ಇಲ್ಲ, ಮೊನ್ನೆ ತಂದದ್ದು!" ಎಂದು ಲೂಡ್ಮಿಲಾ ಗೊಣಗಿದಳು. ಅವಳ ಗಂಡ ವೆಂಡೆಲಿನ್ ಉರಿಯುವ ಒಲೆಯ ಪಕ್ಕ ಕೂತು, ಕೈಗವಸು ತೊಟ್ಟು, ಪತ್ರಿಕೆ ಓದುತ್ತಿದ್ದ.

ರಾದ್ಕಾ ಪೆಟ್ಟಿಗೆ ಹಿಡಿದೇ ನಿಂತಿದ್ದಳು. ಕಣ್ಣು ಕೆಂಪಗಾಗಿದ್ದವು.

"ಇಷ್ಟೊಂದು ಎಲ್ಲಿ ಸಿಕ್ತು ಅಂತ ಯಾರಾದ್ರೂ ಕೇಳಿದ್ರೇನಮ್ಮ?" ಎಂದಳು ಒಟಿಲಿಯಾ.

"ಅತ್ತೆ ಕೇಳಿದ್ರು. ನಾನು ಬಾಯಿ ತೆಗೆದೆ, ಅಷ್ಟರಲ್ಲಿ ಮಾವ ಸೌದೆ ತಾ ಅಂತ ಕೂಗಿದ್ರು."

"ಹಾಗಾದ್ರೆ ಈಗಲೂ ಹೇಳ್ಬೇಡ. ಎಲ್ಲರೂ ಕೂತ್ಕೊಳ್ಳಿ."

ಅತ್ತೆ, ಮಾವ, ಸೊಸೆ ಮೂವರೂ ಮೇಜಿನ ಸುತ್ತ ಕೂತರು.

"ಹೊಟ್ಟೆಕಿಚ್ಚಿನವರು ಗೊಬ್ಬರಕ್ಕೆ ಎಸೀತಾರೆ. ಅಲ್ಲಿಲ್ಲ. ಕಳ್ಳ ಬುಟ್ಟಿ ಸಮೇತ ಒಯ್ತಾನೆ. ಬುಟ್ಟಿ ಇಲ್ಲೇ ಇದೆ. ಅಂದ್ರೆ ತೆಗೆದವರಿಗೆ ಅಣಬೆ ಮೇಲೆ ಪ್ರೀತಿ, ಹಾಳು ಮಾಡೋಕೆ ಮನಸ್ಸಿಲ್ಲ. ಲಾರ್ಚ್ ಬುಡದ ಲೋಳೆ ಅಣಬೆ ಒಣಗಿಸೋಕಾಗಲ್ಲ. ಸಿಪ್ಪೆ ಸುಲಿದು ವಿನೆಗರಲ್ಲಿ ಹಾಕಬೇಕು. ಸುಲಿದವರ ಬೆರಳು ಕಂದು ಬಣ್ಣ ಹಿಡಿದು ವಾರ ಬಿಡಲ್ಲ. ವೆಂಡೆಲಿನ್, ಒಲೆ ಹತ್ರ ಅಷ್ಟೊಂದು ಚಳಿಯಾ?"

ಮುದುಕ ಗವಸು ಕಳಚಿದ. ಹತ್ತೂ ಬೆರಳು ಕಂದು.

"ಬಾಟಲಿಗಳು ಉಪಕರಣದ ಕೋಣೇಲಿವೆ," ಎಂದ, ತಲೆ ಎತ್ತದೆ. "ಆ ಅಣಬೆ ಬೆಳೆಯೋ ಜಾಗ ನನ್ನಪ್ಪ ಸಾಯೋವಾಗ ನನಗೊಬ್ಬನಿಗೇ ಹೇಳಿದ್ದು. ನಾಳೆ ನನ್ನ ತಮ್ಮ ಅಲೋಯಿಸ್ ಊಟಕ್ಕೆ ಬರ್ತಾನೆ, ಎಲ್ಲಿ ಸಿಕ್ತು ಅಂತ ಕೇಳ್ತಾನೆ. ಇವಳಿಗೆ ಒಳಗೊಂದು ಹೊರಗೊಂದು ಗೊತ್ತಿಲ್ಲ, ಹೇಳಿಬಿಡ್ತಾಳೆ."

"ನಲವತ್ತು ವರ್ಷದಿಂದ ನನಗೂ ಹೇಳಿಲ್ವಲ್ಲ!" ಲೂಡ್ಮಿಲಾ ಕಿರುಚಿದಳು. "ಹಾಳು ಅಣಬೆಗೋಸ್ಕರ ನನ್ನ ಕಳ್ಳಿ ಮಾಡಿ ತೆಪ್ಪಗೆ ಕೂತಿದ್ಯಾ?"

"ತಪ್ಪಾಯ್ತು," ಎಂದ ಮುದುಕ. ಹೆಂಡತಿಗೆ ಒಮ್ಮೆ, ಸೊಸೆಗೆ ಒಮ್ಮೆ.

ರಾದ್ಕಾ ಪೆಟ್ಟಿಗೆಯನ್ನು ಗೋಡೆಯತ್ತ ತಳ್ಳಿದಳು. ಆಮೇಲೆ ಅತ್ತೆಯ ಕೈ ಹಿಡಿದು, "ನಿಮ್ಮ ಮೇಲೆ ಸುಮ್ಮನೆ ಹೊರಿಸಿದೆ ಅತ್ತೆ," ಎಂದು ಅತ್ತಳು. ಸಾರು ಹೇಗೂ ಹುಳಿಯದ್ದು, ಬಾಟಲಿಯ ಅಣಬೆಯೇ ಆದೀತು ಎಂದು ಇಬ್ಬರೂ ತೀರ್ಮಾನಿಸಿದರು. ಬಸ್ಸು ಹೊರಟುಹೋಯಿತು.

ಭಾನುವಾರ ನಮಗೂ ಊಟದ ಕರೆ ಬಂತು. ಅಲೋಯಿಸ್ ಎರಡನೇ ಸಲ ಸಾರು ಬಡಿಸಿಕೊಂಡು, ಕಣ್ಣು ಕಿರಿದು ಮಾಡಿ ಕೇಳಿದ: "ಎಲ್ಲಿ ಸಿಕ್ತಮ್ಮ ಈ ಅಣಬೆ?"

ವೆಂಡೆಲಿನ್‌ನ ಚಮಚ ಗಾಳಿಯಲ್ಲೇ ನಿಂತಿತು.

"ಕಾಡಲ್ಲಿ, ಚಿಕ್ಕಮಾವ," ಎಂದಳು ರಾದ್ಕಾ.

ಆ ಮನೆಯಲ್ಲಿ ಬಾತಿನ ಲಿವರ್ ಯಾವತ್ತೂ ಯಜಮಾನನ ಪಾಲು. ವೆಂಡೆಲಿನ್ ಅದನ್ನು ತನ್ನ ತಟ್ಟೆಯಿಂದ ಎತ್ತಿ ಸೊಸೆಯ ತಟ್ಟೆಗೆ ಹಾಕಿದ.