ಇನ್ನೂರ ಹದಿನಾಲ್ಕನೇ ನಂಬರಿನ ಹಲ್ಲು

1959ರ ಫೆಬ್ರವರಿ 17, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ನಿಸರ್ಗ ವಸ್ತುಸಂಗ್ರಹಾಲಯದ ನಿರ್ದೇಶಕ ಪ್ರಭುಸ್ವಾಮಿ ಠಾಣೆಗೆ ಬಂದು, ಹಲ್ಲು ಕಳವಾಗಿದೆ ಎಂದು ದೂರು ಕೊಟ್ಟರು. ದಫೇದಾರ್ ಬೆಟ್ಟಯ್ಯ ಅವರ ಬಾಯನ್ನೇ ನೋಡಿದ.

"ನಂದಲ್ಲಯ್ಯ, ಆನೇದು. ಲಕ್ಷಾಂತರ ವರ್ಷದ ಹಿಂದಿನದು, ಕಲ್ಲಾಗಿದೆ."

ಕೋಳಿ, ಕೊಪ್ಪರಿಗೆ, ಬಾವಿ ಹಗ್ಗ, ಎಲ್ಲದರ ಕಳವಿಗೂ ಎಫ್‌ಐಆರ್ ಬರೆದಿದ್ದ ಇನ್ಸ್‌ಪೆಕ್ಟರ್ ಷಡಕ್ಷರಿಯವರಿಗೆ ಇದೊಂದು ಬಾಕಿ ಇತ್ತು. ಬೀಗದ ಕೈ ನೌಕರರ ಬಳಿ ಮಾತ್ರ ಇರುತ್ತದೆ ಎಂದು ಕೇಳಿ, ಕಲಂ 381, ನೌಕರರಿಂದ ಕಳವು, ಎಂದು ದಾಖಲಿಸಿಕೊಂಡು ಹೊರಟರು.

ಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯ ಬೀಗ ಭದ್ರವಾಗಿತ್ತು. ಒಳಗೆ ಹಲ್ಲೂ ಇತ್ತು.

"ಇಲ್ಲೇ ಇದೆಯಲ್ಲ ಸ್ವಾಮಿ?"

"ಎತ್ತಿ ನೋಡಿ."

ಎತ್ತಿದರೆ ಹಗುರ. ಪ್ಲಾಸ್ಟರಿನದು. ಒಂದೊಂದು ಬಿರುಕಿಗೂ ಬಣ್ಣ ಹಚ್ಚಿದ್ದರು. ತಿರುಗಿಸಿದಾಗ ತಳದಲ್ಲಿ ಸಣ್ಣ ಅಕ್ಷರ: '214, ಪ್ರತಿ'.

"ನಿಮಗೆ ಗೊತ್ತಾಗಿದ್ದು ಯಾವಾಗ?"

"ಬೆಳಿಗ್ಗೆ, ಪ್ಯಾಕ್ ಮಾಡೋವಾಗ. ವಿದೇಶದ ಅತಿಥಿಯೊಬ್ಬರಿಗೆ ಕಾಣಿಕೆ. ಶುಕ್ರವಾರ ಹೊರಡ್ತಾರೆ."

"ಸರ್ಕಾರದ ಆದೇಶ?"

"ಬರುತ್ತೆ."

ಷಡಕ್ಷರಿ ಅದನ್ನೂ ಬರೆದುಕೊಂಡರು. ಅವರಿಗೆ ಇಲ್ಲಿಯ ಕಳ್ಳನ ಬುದ್ಧಿಯೇ ಅರ್ಥವಾಗಲಿಲ್ಲ. ಇಷ್ಟು ಚೆಂದದ ನಕಲು ಮಾಡಿದವನು ತಳದಲ್ಲಿ ತಾನೇ ಗುಟ್ಟು ಬರೆದಿಡುತ್ತಾನೆಯೇ? ಬೇರೆ ಕಪಾಟಿನಲ್ಲಿದ್ದ ಪ್ಲಾಸ್ಟರ್ ಮೂಳೆಗಳನ್ನು ತಿರುಗಿಸಿ ನೋಡಿದರು. ಎಲ್ಲದರ ಕೆಳಗೂ 'ಪ್ರತಿ'. ಎಲ್ಲವೂ ಒಂದೇ ಕೈಬರಹ.

"ಯಾರ ಅಕ್ಷರ ಇದು?"

"ಗಿರಿಜಾಂಬಾ. ಪಳೆಯುಳಿಕೆ ವಿಭಾಗದ ಕ್ಯೂರೇಟರ್," ಎಂದರು ಪ್ರಭುಸ್ವಾಮಿ.

ಪಕ್ಕದ ಕೋಣೆಯಲ್ಲಿ ಗಿರಿಜಾಂಬಾ ಮೂಳೆಯೊಂದರ ಮಣ್ಣನ್ನು ಬ್ರಷ್ಷಿನಿಂದ ಒರೆಸುತ್ತಿದ್ದರು. ಪೊಲೀಸರನ್ನು ಕಂಡೂ ಕೆಲಸ ನಿಲ್ಲಿಸಲಿಲ್ಲ.

"ಹಲ್ಲು ತೆಗೆದವರು?"

"ನಾನೇ. ಭಾನುವಾರ, ಮಧ್ಯಾಹ್ನ ಮೂರಕ್ಕೆ."

"ಸುಮ್ಮನಿದ್ದಿದ್ರೆ ನೀವೇ ಅಂತ ಗೊತ್ತೇ ಆಗ್ತಿರಲಿಲ್ಲ. ಪ್ರತಿ ಅಂತ ಯಾಕೆ ಬರೆದ್ರಿ?"

"ಬರೀದೆ ಗಾಜಿನೊಳಗಿಟ್ರೆ ನಾಳೆ ಎತ್ತಿ ನೋಡೋರಿಗೆ ಸುಳ್ಳು ಹೇಳಿದ ಹಾಗೆ ಕಣ್ರೀ. ಕದಿಯೋಕೆ ಕೈ ಬಂತು, ಅದಕ್ಕೆ ಬರಲಿಲ್ಲ."

ವಿದ್ಯಾರಣ್ಯಪುರಂನ ಅವರ ಮನೆಯಲ್ಲಿ, ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹಲ್ಲು ಹಳೇ ಸೀರೆಯಲ್ಲಿ ಬೆಚ್ಚಗೆ ಮಲಗಿತ್ತು. ಬೆಟ್ಟಯ್ಯ ಎರಡೂ ಕೈಯಲ್ಲಿ ಎತ್ತಿದ. ಮೂರು ನಲವತ್ತಕ್ಕೆ ಪಂಚನಾಮೆ ಮುಗಿಯಿತು.

"ಮಾರೋಕಾ?" ಎಂದು ಷಡಕ್ಷರಿ ಕೇಳಿದರು.

ಗಿರಿಜಾಂಬಾ ಮೊದಲ ಸಲ ಸಿಟ್ಟಾದರು. "ನಾಲೆ ತೋಡೋವಾಗ ಕೆಂಚಮ್ಮ ಅನ್ನೋ ಕೂಲಿ ಹೆಂಗಸಿಗೆ ಸಿಕ್ಕಿದ್ದು. ಮೇಸ್ತ್ರಿ ಒಡೆದುಹಾಕು ಅಂದ್ರೂ ಕೇಳದೆ ಮಂಕರೀಲಿ ಹೊತ್ಕೊಂಡು ನನ್ನ ಹತ್ರ ತಂದ್ಳು. ನಿನ್ನ ಹೆಸರು ಹಾಕಿ ಇಲ್ಲೇ ಇಡ್ತೀನಿ ಅಂತ ಮಾತು ಕೊಟ್ಟೆ. ಹೆಸರಿನ ಚೀಟಿ ನಿರ್ದೇಶಕರು ಕಿತ್ರು. ಈಗ ಹಲ್ಲನ್ನೇ ಕೊಡ್ತಾರಂತೆ. ಮೂರು ಸಲ ಆಕ್ಷೇಪ ಬರೆದೆ. ಮೂರೂ ಕಸದ ಬುಟ್ಟಿಗೆ ಹೋದವು."

ಐದು ಗಂಟೆಗೆ ಪ್ರಭುಸ್ವಾಮಿ ಠಾಣೆಗೆ ಓಡಿಬಂದರು. "ಸಿಕ್ತಲ್ಲ, ಕೊಟ್ಬಿಡಿ. ದೂರು ವಾಪಸ್ ತಗೋತೀನಿ."

"ಬೇಡ," ಎಂದರು ಗಿರಿಜಾಂಬಾ. "ನನ್ನನ್ನ ದಸ್ತಗಿರಿ ಮಾಡಿ. ಇನ್ಸ್‌ಪೆಕ್ಟರೇ, ಜಪ್ತಿಯಾದ ಮುದ್ದೆಮಾಲು, ಈ ಹಲ್ಲು, ಎಲ್ಲಿರುತ್ತೆ?"

ಷಡಕ್ಷರಿ ಆಕೆಯ ಮುಖ ನೋಡಿದರು. ಆಗ ಅವರಿಗೆ ಎಲ್ಲ ತಿಳಿಯಿತು. ಒಳಗೊಳಗೇ ಭೇಷ್ ಎಂದುಕೊಂಡರು.

"ಕೋರ್ಟಿನ ವಶ. ಅದರ ಅಪ್ಪಣೆ ಇಲ್ಲದೆ ಹಲ್ಲು ಊರು ಬಿಡೋ ಹಾಗಿಲ್ಲ," ಎಂದರು. ಪ್ರಭುಸ್ವಾಮಿಯವರತ್ತ ತಿರುಗಿ, "ಎಫ್‌ಐಆರ್ ಆಗಿಹೋಗಿದೆ ಸ್ವಾಮಿ. ಸರ್ಕಾರದ ಆದೇಶದ ವಿಷಯ ಕೋರ್ಟಿನಲ್ಲಿ ನಿಮ್ಮನ್ನೂ ಕೇಳ್ತಾರೆ," ಎಂದರು. ನಿರ್ದೇಶಕರು ಟೋಪಿ ತೆಗೆದುಕೊಂಡು ಹೋದರು.

"ನಿಮ್ಮ ಕೆಲಸ ಹೋಗುತ್ತಮ್ಮ. ಶಿಕ್ಷೆಯೂ ಆಗಬಹುದು."

"ಹೋಗಲಿ. ಹಲ್ಲು ಹೋಗಲ್ಲ."

ಐದು ಇಪ್ಪತ್ತಕ್ಕೆ ದಸ್ತಗಿರಿ. ಗಿರಿಜಾಂಬಾ ಮುದ್ದೆಮಾಲು ಪಟ್ಟಿಯನ್ನು ಎರಡು ಸಲ ಓದಿದರು. ಸಹಿ ಹಾಕದೆ ಹಿಂದಕ್ಕೆ ತಳ್ಳಿದರು.

"ಒಂದು ಬಿಟ್ಟುಹೋಗಿದೆ."

ಷಡಕ್ಷರಿ ಪೆನ್ನು ತೆಗೆದು, 'ಆನೆಯ ಹಲ್ಲು, ಒಂದು' ಎಂಬ ಸಾಲಿನ ಕೆಳಗೆ, 'ಮೊದಲು ಸಿಕ್ಕಿದ್ದು ಕೆಂಚಮ್ಮನಿಗೆ' ಎಂದು ದುಂಡಗೆ ಬರೆದರು. ಬೆಟ್ಟಯ್ಯ ಅರಗು ಕಾಯಿಸಿ ಸರ್ಕಾರದ ಮೊಹರು ಒತ್ತಿದ.