ನೇರ ಪ್ರಸಾರದಲ್ಲಿ ಟಗರು

ಕಟಾವಿನ ಕಾಲ. ಬೆಳಗಿನಿಂದಲೇ ಜನ ಹೊಲಕ್ಕಿಳಿದಿದ್ದರು. ಅವನೊಬ್ಬ ಮಾತ್ರ ಫ್ಯಾನಿನ ಕೆಳಗೆ ಕೂತಿದ್ದ. ಇಂಟರ್ನೆಟ್ಟಿನಲ್ಲಿ ನಡೆಯುವ ರೈತರ ರೇಡಿಯೊಗೆ ನಿರೂಪಕ ಅವನು. ಊರವರ ಬಾಯಲ್ಲಿ ಬರೀ ‘ಮೈಕು’.

ಅವನ ಹೊಟ್ಟೆ ಉರಿಸುತ್ತಿದ್ದದ್ದು ಅಕ್ಕನ ಗಂಡನ ಕೊಟ್ಟಿಗೆಯಲ್ಲಿದ್ದ ಟಗರು. ಮರಿಯಿಂದ ಸಾಕಿದವನು ಮೈಕು. ಒಂದು ಹಂಗಾಮಿನ ಮಟ್ಟಿಗೆ ಎಂದು ಒಯ್ದ ಭಾವ ಹಿಂದಿರುಗಿಸಲೇ ಇಲ್ಲ. ಕೇಳಿದರೆ ಎಲ್ಲರೆದುರು ನಗುತ್ತಿದ್ದ: “ಬಾಯಲ್ಲೇ ಬೇಸಾಯ ಮಾಡೋನಿಗೆ ಟಗರು ಯಾಕೋ ಭಾಮೈದ? ಫೋಟೋ ಕಳಿಸ್ತೀನಿ ಬಿಡು.” ನಾಳೆ ಅದನ್ನು ಜಾನುವಾರು ಪ್ರದರ್ಶನಕ್ಕೆ ಬೇರೆ ಕರೆದೊಯ್ಯುವವನಿದ್ದ.

ಮಧ್ಯಾಹ್ನದ ನೇರ ಪ್ರಸಾರದ ಹೊತ್ತಿಗೆ ಭಾವನ ಮನೆಯವರೆಲ್ಲ ಹೊಲದಲ್ಲಿರುತ್ತಾರೆ, ರೇಡಿಯೊ ಭಾವನ ಜೇಬಿನ ಫೋನಿನಲ್ಲಿ. ಮೈಕು ತನ್ನ ಮಾತನ್ನು ಹಿಂದಿನ ದಿನವೇ ಧ್ವನಿಮುದ್ರಿಸಿಟ್ಟಿದ್ದ. ನಡುವೆ ಎರಡು ಕೆಮ್ಮು ಸೇರಿಸಿದ್ದ. “ನಮ್ಮ ಭಾವನವರ ಟಗರಿಗೆ ನಾಳೆ ಬಹುಮಾನ ಬರಲಿ” ಎಂದು ಹಾರೈಸಿಯೂ ಬಿಟ್ಟಿದ್ದ. ಟಗರು ಹೋದ ಹೊತ್ತಿನಲ್ಲಿ ಅವನು ಮೈಕಿನ ಮುಂದಿದ್ದ ಎನ್ನಲು ಊರಿಗೆ ಊರೇ ಸಾಕ್ಷಿ!

ಫೈಲುಗಳಿಗೆ ಹೆಸರಿಡುವುದರಲ್ಲಿ ಅವನು ಬಲು ಕಟ್ಟುನಿಟ್ಟು. ಒಮ್ಮೆ ಯಾರದೋ ಶ್ರದ್ಧಾಂಜಲಿಯ ಜಾಗದಲ್ಲಿ ಹಂದಿ ಸಾಕಣೆಯ ಪಾಠ ಪ್ರಸಾರವಾಗಿ ಬೈಸಿಕೊಂಡ ಮೇಲೆ, ಯಾವುದನ್ನು ಯಾವಾಗ ಹಾಕಬೇಕೆಂದು ಬಿಡಿಸಿ ಬರೆದೇ ಉಳಿಸುತ್ತಿದ್ದ.

ಇನ್ನುಳಿದದ್ದು ಒಂದೇ ಅಪಾಯ. ಫೈಲಿನೊಳಗೆ ಧ್ವನಿಯ ಜೊತೆ ವಿವರಗಳೂ ಅಂಟಿಕೊಂಡಿರುತ್ತವೆ: ಶೀರ್ಷಿಕೆ, ಮಾತಾಡಿದವರು, ಮುದ್ರಿಸಿದ ದಿನ. ಪೊಲೀಸರು ನಿನ್ನೆಯ ದಿನಾಂಕ ಕಂಡರೆ ಕತೆ ಮುಗಿಯಿತು. ಅದೊಂದನ್ನೇ ಅಳಿಸಿದರೆ ಅನುಮಾನ ಬಂದೀತೆಂದು ಎಲ್ಲವನ್ನೂ ಅಳಿಸಿದ. ತೊಳೆದಿಟ್ಟ ತಟ್ಟೆಯಂತಿತ್ತು ಫೈಲು. ಪೊಲೀಸರ ಬಗ್ಗೆ ಅವನಿಗೆ ಕನಿಕರವೇ ಹುಟ್ಟಿತು.

ಮಧ್ಯಾಹ್ನ ಆ ಫೈಲನ್ನು ಹಾಕಿಟ್ಟು ಹೊರಟ; ಅಂದುಕೊಂಡಂತೆಯೇ ನಡೆಯಿತು. ಟಗರನ್ನು ಪಾಳುಬಿದ್ದ ಇಟ್ಟಿಗೆ ಗೂಡಿನಲ್ಲಿ ಕಟ್ಟಿ, ಪ್ರಸಾರ ಮುಗಿಯುವ ಮೊದಲೇ ಬಂದು ಕುರ್ಚಿಯಲ್ಲಿ ಕೂತ.

ಬೆವರು ಒರೆಸುವಷ್ಟರಲ್ಲಿ ಭಾವ ಒಳಗೆ ಬಂದ. ಬಾಗಿಲ ತುಂಬ ಕುಡುಗೋಲು ಹಿಡಿದ ಆಳುಗಳು, ಒಬ್ಬೊಬ್ಬರೂ ನಗು ತಡೆದುಕೊಂಡು ನಿಂತಿದ್ದರು. “ಭಾವನವರು ಅಂದ್ಯಲ್ಲ, ಖುಷಿಯಾಗಿ ಫೋನು ತೆಗೆದು ಎಲ್ಲರಿಗೂ ತೋರಿಸ್ದೆ ಕಣೋ. ಪ್ರದರ್ಶನ ಮುಗಿಸಿ ಟಗರು ನಿಂಗೇ ಕೊಡೋಣ ಅಂತ ನಿಮ್ಮಕ್ಕಂಗೆ ಮಾತು ಕೊಟ್ಟಿದ್ದೆ. ಇನ್ನು ಆ ಬಾಕಿ ತೀರಿತು ಬಿಡು,” ಎಂದು ಫೋನನ್ನು ಅವನ ಮುಖಕ್ಕೆ ಹಿಡಿದ. ಶೀರ್ಷಿಕೆಯನ್ನು ಎಂದೂ ಖಾಲಿ ಬಿಡದಿದ್ದ ಮೈಕುಗೆ ಒಂದು ಸಂಗತಿ ತಿಳಿದಿರಲಿಲ್ಲ: ಶೀರ್ಷಿಕೆ ಸಿಗದಿದ್ದರೆ ಪ್ರಸಾರದ ಸಾಫ್ಟ್‌ವೇರು ಫೈಲಿನ ಹೆಸರನ್ನೇ ಕೇಳುಗರ ಪರದೆಗೆ ಕಳಿಸುತ್ತದೆ. ಊರಿನ ಪ್ರತಿ ಫೋನಿನಲ್ಲೂ ದಪ್ಪ ಅಕ್ಷರಗಳಲ್ಲಿ ಅದು ಹೊಳೆಯುತ್ತಿತ್ತು: ‘ಭಾವನ ಟಗರು ಹೊಡ್ಕೊಂಡು ಬರುವಾಗ ಹಾಕೋದು, ಕೆಮ್ಮು ಸಮೇತ’.